ಪೆನ್ಸಿಲ್‌ನಲ್ಲಿ ಹಾಕಿದ ಅಂಕ

ಮಾರ್ಚ್ ೩, ಸೋಮವಾರ

ಮಗಳೇ,

ಅಮ್ಮನ ಆಶೀರ್ವಾದಗಳು. ನೀನು ಬೇಡ ಅಂದರೂ ಇವು ಬಂದೇ ಬರುತ್ತವೆ.

ನಿನ್ನ ಕಾಗದ ತಲುಪಿತು. ಐದು ತಿಂಗಳ ಮೇಲೆ ಬರೆದಿದ್ದೀಯ, ಅದೂ ಮೂರೇ ಸಾಲು. ಹೇಗಿದ್ದೀಯ ಅಂತ ಕೇಳಿಲ್ಲ, ಮಂಡಿನೋವು ಹೇಗಿದೆ ಅಂತಲೂ ಇಲ್ಲ. ದಿನವಿಡೀ ಊರವರ ಬಾಯಿ ತೆರೆಸಿ ಹಲ್ಲು ನೋಡುವವಳು ನೀನು, ಈಗ ಅಮ್ಮನ ಬಾಯಿ ತೆರೆಸಲು ಹೊರಟಿದ್ದೀಯ.

ನಮ್ಮ ವಿಭಾಗದ ಹಳೆಯ ಜವಾನ ದವಡೆಹಲ್ಲು ಕೀಳಿಸಿಕೊಳ್ಳಲು ನಿನ್ನ ಹತ್ತಿರ ಬಂದಿದ್ದನಂತೆ. ಏಳು ವರ್ಷದ ಹಿಂದೆ ಆಯ್ಕೆ ಸಮಿತಿಯಲ್ಲಿ ಅಮ್ಮಾವ್ರು ಅಂಕ ಅಳಿಸಿ ಬೇರೆ ಬರೆದಿದ್ದನ್ನು ಕಣ್ಣಾರೆ ನೋಡಿದೆ ಅಂದನಂತೆ. ಹತ್ತನೇ ತಾರೀಕಿನ ವಿಚಾರಣೆಯಲ್ಲಿ ನಾನು ಅದನ್ನು ಹೇಳಬೇಕು, ಹೇಳದಿದ್ದರೆ ನಿನ್ನ ಮನೆ ಮೆಟ್ಟಿಲು ಹತ್ತಬಾರದು ಅಂತ ಬರೆದಿದ್ದೀಯ. ಕೊನೆಯ ಸಾಲಿನಲ್ಲಿ ಒಂದೇ ಪ್ರಶ್ನೆ: ಪೆನ್ಸಿಲ್‌ನಲ್ಲಿ ಮೊದಲು ಎಷ್ಟು ಹಾಕಿದ್ದೆ?

ಆ ಪದ್ಧತಿ ನಾನು ತಂದಿದ್ದಲ್ಲ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇತ್ತು. ಸಂದರ್ಶನದ ದಿನ ಜವಾನ ಐದೂ ಜನ ಸದಸ್ಯರ ಮುಂದೆ ಒಂದೊಂದು ಪೆನ್ಸಿಲ್, ಒಂದೊಂದು ರಬ್ಬರ್, ಒಂದೊಂದು ಪೆನ್ನು ಇಡುತ್ತಾನೆ. ಅಭ್ಯರ್ಥಿ ಎದ್ದು ಹೋದ ಕೂಡಲೇ ಪೆನ್ಸಿಲ್‌ನಲ್ಲಿ ಅಂಕ. ಎಲ್ಲರೂ ಮುಗಿದ ಮೇಲೆ ಚಹಾ. ಚಹಾ ಆದಮೇಲೆ ಪೆನ್ನು. ದಾಖಲೆಯಲ್ಲಿ ಕಾಟು, ತಿದ್ದುಪಡಿ ಇರಬಾರದು ಅನ್ನುವುದು ಕಾರಣ. ಆದರೆ ಯಾರನ್ನು ತಗೋಬೇಕು, ಯಾರನ್ನು ಬಿಡಬೇಕು ಅನ್ನುವುದೆಲ್ಲ ತೀರ್ಮಾನವಾಗುತ್ತಿದ್ದದ್ದು ಆ ಚಹಾದ ಹೊತ್ತಿನಲ್ಲೇ. ಮೂವತ್ತು ವರ್ಷ ನಾನು ಆ ಚಹಾ ಕುಡಿದಿದ್ದೇನೆ.

ಅವತ್ತು ಸಂದರ್ಶನಕ್ಕೆ ಬಂದಿದ್ದ ನಮ್ಮ ಅಡಿಟಿಪ್ಪಣಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಆ ಹೆಸರು ಇಟ್ಟಿದ್ದು ನೀನೇ, ನೆನಪಿದೆಯಾ? ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಡಿಮೆ ಅನ್ನುವುದಕ್ಕೂ ಅವಳು ಆಧಾರ ಕೊಡುತ್ತಾಳೆ ಅಂತ ನಗಾಡಿದ್ದೆ. ನನ್ನ ಕೈಕೆಳಗೆ ಪಿಎಚ್‌ಡಿ ಮಾಡಿದ ಹನ್ನೊಂದು ಮಂದಿಯಲ್ಲಿ ಅವಳಂಥವಳು ಇನ್ನೊಬ್ಬಳಿಲ್ಲ. ನಮ್ಮ ಮನೆಯ ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. ನೀನು ಬಾಯಿ ತುಂಬ ಅಕ್ಕಾ ಅನ್ನುತ್ತಿದ್ದೆ.

ಸಂದರ್ಶನಕ್ಕೆ ಎರಡು ವಾರ ಮೊದಲು ಅವಳ ಲೇಖನವೊಂದು ಪತ್ರಿಕೆಯಲ್ಲಿ ಬಂತು. ನಾನು ವಿದ್ಯಾರ್ಥಿನಿಯಾಗಿದ್ದಾಗ ನಡೆದ ಮುಷ್ಕರದ ಬಗ್ಗೆ. ನಮ್ಮ ಸಂಘಟನೆಯವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ನಲವತ್ತು ದಿನ ಬೀಗ ಹಾಕಿದ್ದು, ಬೀಗ ತೆಗೆಯಲು ಬಂದ ಗ್ರಂಥಪಾಲಕರ ಕೈ ಮುರಿದದ್ದು. ಆ ಮುಷ್ಕರದ ಹೆಸರಿನಲ್ಲಿ ನಾವು ಪ್ರತಿವರ್ಷ ಸಭೆ ಮಾಡುತ್ತೇವೆ, ಭಾಷಣ ಮಾಡುತ್ತೇವೆ. ಕೈ ಮುರಿದವರ ಮಾತು ಯಾವ ಭಾಷಣದಲ್ಲೂ ಬಂದಿರಲಿಲ್ಲ. ನಮ್ಮ ಕಡೆಯ ಪತ್ರಿಕೆಗಳು ಲೇಖನವನ್ನು ವಾಪಸ್ ಕಳಿಸಿದ್ದವು. ಕೊನೆಗೆ ಅವಳು ಅದನ್ನು ಆ ಕಡೆಯವರ ಪತ್ರಿಕೆಗೆ ಕೊಟ್ಟಳು. ನನ್ನ ಹತ್ತಿರ ಒಂದು ಮಾತು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅದಕ್ಕೇ ಕೇಳಿರಲಿಲ್ಲವೇನೋ.

ಚಹಾದ ಹೊತ್ತಿನಲ್ಲಿ ಡೀನ್ ಜೇಬಿನಿಂದ ಆ ಪತ್ರಿಕೆಯ ತುಂಡು ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು. ಗದರಲಿಲ್ಲ, ಏನಿಲ್ಲ. ನಿಮ್ಮ ಹುಡುಗಿ ಆ ಕಡೆ ಹೋಗ್ಬಿಟ್ಲಲ್ಲ ಮೇಡಂ, ನಾಳೆ ಇವಳ ಕೈಗೆ ಮಕ್ಕಳನ್ನ ಕೊಡೋದು ಹೇಗೆ ಅಂದರು, ಅಷ್ಟೇ. ವಿಭಾಗದ ಮುಖ್ಯಸ್ಥೆ ನಾನು. ಇವಳನ್ನು ಬೆಳೆಸಿದವಳೂ ನಾನೇ ಅಂತ ಎಲ್ಲರಿಗೂ ಗೊತ್ತು. ಉಳಿದವರು ಬಿಸ್ಕತ್ತು ಮುರಿಯುತ್ತ ನನ್ನ ಮುಖ ನೋಡುತ್ತಿದ್ದರು.

ಆಮೇಲೆ ಎಲ್ಲರೂ ಪೆನ್ನು ತೆಗೆದುಕೊಂಡೆವು. ನೀನು ಕೇಳಿದ್ದಕ್ಕೆ ಉತ್ತರ: ಪೆನ್ಸಿಲ್‌ನಲ್ಲಿ ಎಷ್ಟು ಹಾಕಿದ್ದೆ ಅಂತ ನನಗೆ ನೆನಪಿಲ್ಲ. ಅವತ್ತು ಅವಳು ಸ್ವಲ್ಪ ಗಾಬರಿಯಲ್ಲಿದ್ದಳು. ಏಳು ವರ್ಷ ಆಯಿತು.

ಕೆಲಸ ಸಿಕ್ಕಿದ್ದು ನಮ್ಮ ಕಡೆಯ ಒಬ್ಬನಿಗೆ. ಒಳ್ಳೆಯ ಹುಡುಗ, ಅವತ್ತಿನಿಂದ ಇವತ್ತಿನವರೆಗೆ ಅದೇ ನೋಟ್ಸ್ ಓದಿಸುತ್ತಿದ್ದಾನೆ. ಅಡಿಟಿಪ್ಪಣಿ ಫಲಿತಾಂಶದ ಮರುದಿನ ಕಿತ್ತಳೆಹಣ್ಣಿನ ಚೀಲ ಹಿಡಿದು ನಮ್ಮ ಮನೆಗೆ ಬಂದಳು. ಬೇಜಾರಿಲ್ಲ ಮೇಡಂ, ನೀವೊಬ್ರಾದ್ರೂ ನನ್ನ ಕಡೆ ಇದ್ರಲ್ಲ ಅಂದಳು. ನೀನು ಅಲ್ಲೇ ಕೂತು ಹಣ್ಣು ಸುಲಿಯುತ್ತಿದ್ದೆ. ನಾನೂ ಎರಡು ತೊಳೆ ತಿಂದೆ.

ಅಧಿಕಾರ ಬದಲಾಗಿ ಆ ಕಡೆಯವರು ಬಂದಾಗ, ಸದ್ಯ, ಇವಳಿಗೆ ಇನ್ನು ಒಳ್ಳೆಯದಾಗುತ್ತದೆ ಅಂದುಕೊಂಡೆ. ನನ್ನ ಪಾಪವನ್ನು ಅವರು ತೊಳೆಯುತ್ತಾರೆ ಅನ್ನುವ ಆಸೆ. ಮೂರು ಸಲ ಸಂದರ್ಶನಕ್ಕೆ ಕರೆದರು, ಮೂರು ಸಲವೂ ಕೈಬಿಟ್ಟರು. ಅವರ ಪಾಲಿಗೆ ಅವಳು ನನ್ನ ಶಿಷ್ಯೆ, ಅಂದರೆ ನಮ್ಮವಳು. ಪೆನ್ಸಿಲ್ಲೂ ಚಹಾವೂ ಹಾಗೇ ಇವೆಯಂತೆ. ಹೋದ ಜೂನ್‌ಗೆ ಅವಳ ವಯೋಮಿತಿ ಮುಗಿಯಿತು. ಈಗ ಬಸ್ ನಿಲ್ದಾಣದ ಎದುರಿನ ಟ್ಯುಟೋರಿಯಲ್‌ನಲ್ಲಿ ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕುವುದನ್ನು ಹೇಳಿಕೊಡುತ್ತಾಳೆ. ಅಲ್ಲಿ ಅಡಿಟಿಪ್ಪಣಿ ಯಾರಿಗೂ ಬೇಕಾಗಿಲ್ಲ.

ಅವಳು ಕೊಟ್ಟ ದೂರಿನ ಮೇಲೆ ನಡೆಯುವ ಈ ವಿಚಾರಣೆಯೇ ಅವಳ ಕೊನೆಯ ದಾರಿ ಅಂತ ನನಗೂ ಗೊತ್ತು. ಚಹಾ ಆದಮೇಲೆ ಅಂಕ ಬದಲಾಯಿತು ಅಂತ ಒಬ್ಬ ಸದಸ್ಯರು ಹೇಳಿದರೂ ಸಾಕು, ಆ ವರ್ಷದ ಆಯ್ಕೆ ಮತ್ತೆ ತೆರೆಯುತ್ತದೆ, ವಯಸ್ಸಿನ ಅಡ್ಡಿ ಇರುವುದಿಲ್ಲ. ಆದರೆ ನಾನು ಹೇಳಿದರೆ ಏನಾಗುತ್ತದೆ ಅಂತ ಯೋಚಿಸಿದ್ದೀಯಾ? ಇವತ್ತಿನ ಕುಲಪತಿಗಳು ಆ ಕಡೆಯವರು. ನನ್ನ ಮಾತು ಹಿಡಿದುಕೊಂಡು ವಿಭಾಗದಲ್ಲಿ ಉಳಿದಿರುವ ನಮ್ಮ ಕಡೆಯ ಮೂವರನ್ನೂ ಮನೆಗೆ ಕಳಿಸುತ್ತಾರೆ. ಪಾರ್ಶ್ವವಾಯು ಹೊಡೆದು ಮಲಗಿರುವ ಡೀನ್ ಹೆಸರು ಬೀದಿಗೆ ಬರುತ್ತದೆ. ಜವಾನನನ್ನಂತೂ ಎಳೆಯಬೇಡ, ಅವನ ಮಗಳಿಗೆ ಅದೇ ಆಫೀಸಿನಲ್ಲಿ ಹಂಗಾಮಿ ಕೆಲಸ.

ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನ ಮಾಡಿಲ್ಲ. ನೀನು ನನ್ನ ಜಾಗದಲ್ಲಿ ಇದ್ದಿದ್ದರೆ ಅಂತ ಬರೆಯಲು ಹೊರಟೆ. ನೀನಾಗಿದ್ದರೆ ಹೇಳಿಬಿಡುತ್ತಿದ್ದೆ, ನನಗೆ ಗೊತ್ತು. ನಿನ್ನ ಅಪ್ಪನ ಹಟ ನಿನಗೆ ಬಂದಿದೆ, ನನ್ನ ಜಾಣತನ ಬಂದಿಲ್ಲ. ಬರದಿದ್ದದ್ದೇ ಒಳ್ಳೆಯದು.

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊ.

ನಿನ್ನ
ಅಮ್ಮ

ಮರೆತದ್ದು, ಮಾರ್ಚ್ ೧೨:

ಕಾಗದವನ್ನು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಮೊನ್ನೆ ವಿಚಾರಣೆಗೆ ಹೋದೆ. ನಾನು ಒಳಗೆ ಬಂದ ಕೂಡಲೇ ಅಡಿಟಿಪ್ಪಣಿ ಮೊದಲಿನ ಹಾಗೇ ಎದ್ದು ನಿಂತಳು. ತಲೆಯ ಮುಂಭಾಗ ಪೂರ್ತಿ ಬೆಳ್ಳಗಾಗಿದೆ. ಅಂಕ ತಿದ್ದಿದ್ದು ನಿಜವೇ ಅಂತ ಅಧಿಕಾರಿ ಕೇಳಿದರು. ನೆನಪಿಲ್ಲ ಅಂದೆ. ಇನ್ನೊಂದು ಸಲ ಕೇಳಿದರು, ಇನ್ನೊಂದು ಸಲ ಅದನ್ನೇ ಅಂದೆ. ಬೇರೆ ಸಾಕ್ಷಿ ಇಲ್ಲ ಅಂತ ಬರೆದು ಫೈಲು ಮುಚ್ಚಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಅವಳು ನನ್ನ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಅಂಕಪಟ್ಟಿಯ ನಕಲು ಅವಳ ಹತ್ತಿರ ಇದೆ, ಸದಸ್ಯರ ಹೆಸರು ಮಾತ್ರ ಮರೆಮಾಡಿದ್ದಾರೆ. ಇಪ್ಪತ್ತಕ್ಕೆ ನಾಲ್ವರು ಒಂಬತ್ತು, ಒಬ್ಬರು ಹನ್ನೆರಡು. ಆ ಹನ್ನೆರಡು ನಿಮ್ದೇ ಅಲ್ವಾ ಮೇಡಂ, ನಂಗೊತ್ತು ಅಂದಳು. ಹೊರಗಿನಿಂದ ಬಂದು ಅರ್ಧ ನಿದ್ದೆಯಲ್ಲಿದ್ದ ಸದಸ್ಯರ ಹನ್ನೆರಡು ಅದು. ನಾನು ಅಲ್ಲ ಅನ್ನಲಿಲ್ಲ. ಬಸ್ ಬರುವವರೆಗೂ ಪಕ್ಕದಲ್ಲೇ ನಿಂತಿದ್ದಳು.

ಪೆನ್ಸಿಲ್‌ನಲ್ಲಿ ಹತ್ತೊಂಬತ್ತು ಹಾಕಿದ್ದೆ ಮಗಳೇ. ಅಷ್ಟು ಅಂಕವನ್ನು ನಾನು ಬೇರೆ ಯಾರಿಗೂ ಕೊಟ್ಟವಳಲ್ಲ. ಗ್ರಂಥಾಲಯಕ್ಕೆ ಬೀಗ ಹಾಕಿದ್ದ ಆ ದಿನಗಳಲ್ಲಿ ನಾನೂ ಬಾಗಿಲಲ್ಲೇ ಇದ್ದೆ, ಅವಳು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಈ ಪುಟವನ್ನು ಪೆನ್ಸಿಲ್‌ನಲ್ಲೇ ಬರೆದಿದ್ದೇನೆ. ಓದಿಕೊಂಡು ಅಳಿಸಿಬಿಡು.