ಅಣ್ಣನ ಹೆಸರಿನಲ್ಲಿ ಮೂರು ವರ್ಷ

ಸಮುದ್ರದ ದಂಡೆಯ ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ದೂರದಿಂದಲೇ ನಿನ್ನ ಕಾಲಿಗೆ ನಮಸ್ಕಾರ. ಮೊದಲು ನಿನ್ನ ಕಣ್ಣು ಹೇಗಿದೆ ಹೇಳು. ಉಳಿದಿರುವ ಎಡಗಣ್ಣೂ ಸಂಜೆಯಾದರೆ ಉರಿಯುತ್ತದೆ ಎಂದು ಹೋದ ಸಲ ನೀನು ಬರೆದಿದ್ದೆ. ಡಾಕ್ಟರು ಕೊಟ್ಟ ಹನಿಯನ್ನು ದಿನಾ ಹಾಕಿಕೊಳ್ಳುತ್ತಿದ್ದೀಯಾ? ಇಲ್ಲವೆಂದು ನನಗೆ ಗೊತ್ತು. ಆ ಸೀಸೆಯನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೋ, ನೀನು ಏನು ಮರೆತರೂ ಊಟ ಮರೆಯುವವನಲ್ಲ. ಬೆಸುಗೆಯ ಕೆಲಸ ಬಂದರೆ ಬೇರೆಯವರ ಹತ್ತಿರ ಕಳಿಸಿಬಿಡು. ಫ್ರಿಜ್ ರಿಪೇರಿಯೊಂದೇ ಸಾಕು ನಿನ್ನ ಒಂದು ಹೊಟ್ಟೆಗೆ. ಇಲ್ಲಿ ನಾವು ಐದೂ ಜನ ಆರೋಗ್ಯವಾಗಿದ್ದೇವೆ. ಐದು ಎಂದು ಬರೆಯುವುದು ನನಗಿನ್ನೂ ರೂಢಿಯಾಗಿಲ್ಲ. ಕೂಸಿಗೆ ಮೊನ್ನೆಗೆ ಐದು ವಾರ ತುಂಬಿತು. ಹಾಲು ಕುಡಿದು ಕಣ್ಣು ಮುಚ್ಚುವ ಮುಂಚೆ ಹುಬ್ಬು ಗಂಟಿಕ್ಕುತ್ತಾಳೆ, ಥೇಟ್ ನೀನು ಕಂಪ್ರೆಸರಿನ ಸದ್ದು ಕೇಳುವಾಗ ಮಾಡುವ ಹಾಗೆ.

ಇಲ್ಲಿನ ಬಿಸಿಲಿನ ಬಗ್ಗೆ ಎಷ್ಟು ಸಲ ಬರೆದರೂ ಮುಗಿಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಕಿಟಕಿಯಲ್ಲಿ ಬಂದು ಕೂತರೆ ಸಂಜೆ ಏಳರವರೆಗೆ ಎದ್ದು ಹೋಗುವ ಮಾತಿಲ್ಲ. ನನ್ನವಳು ಹೊಲಿದ ನೀಲಿ ಪರದೆಗಳು ಒಂದೇ ವರ್ಷಕ್ಕೆ ತೊಳೆದ ಬೂದಿಯ ಬಣ್ಣಕ್ಕೆ ಬಂದವು. ಮಕ್ಕಳಿಗೆ ಮಾತ್ರ ಇದೇ ಸ್ವರ್ಗ. ದೊಡ್ಡವಳು ಎಂಟು ವರ್ಷಕ್ಕೇ ಮೀನಿನ ಹಾಗೆ ಈಜುತ್ತಾಳೆ. ನಡುವಿನವನಿಗೆ ಚಪ್ಪಲಿ ಹಾಕು ಎಂದರೆ ಶಿಕ್ಷೆ ಕೊಟ್ಟಷ್ಟು ಸಿಟ್ಟು. ಊರೂರಿನ ಜನ ದುಡ್ಡು ಕೊಟ್ಟು ಈ ದ್ವೀಪಕ್ಕೆ ಬಿಸಿಲು ಕಾಯಿಸಲು ಬರುತ್ತಾರೆ. ಇಲ್ಲಿ ಸ್ವೆಟರು ಹರಿಯುವವರೆಗೂ ಹಾಕುವವನು ಬಹುಶಃ ನಾನೊಬ್ಬನೇ. ನಾನು ಕೆಲಸ ಮಾಡುವ ಶೈತ್ಯಾಗಾರದ ಕೋಣೆಗಳಲ್ಲಿ ದಿನವಿಡೀ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಹೊರಗೆ ಬಂದು ಕಣ್ಣು ಬಿಟ್ಟರೆ ಬೆಳಕು ಮುಖಕ್ಕೆ ರಾಚುತ್ತದೆ, ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಗೆಲ್ಲ ನಿನ್ನ ನೆನಪು ಬರುತ್ತದೆ.

ನಿನಗೆ ಗೊತ್ತಿರುವುದನ್ನೇ ಈಗ ಬರೆಯಹೊರಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಎಲ್ಲವನ್ನೂ ಒಂದು ಸಲ ಸಾಲಾಗಿ ಬರೆದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಐಸ್ ಫ್ಯಾಕ್ಟರಿಯಲ್ಲಿ ಮೇಸ್ತ್ರಿ ನಮ್ಮಿಬ್ಬರಿಗೂ ಮೊದಲ ದಿನವೇ ಕಲಿಸಿದ್ದು ಒಂದೇ ಪಾಠ. ವಾಲ್ವ್ ತೆರೆಯುವ ಮುಂಚೆ ಪೈಪಿನ ಮೇಲೆ ಸ್ಪ್ಯಾನರಿನಿಂದ ಎರಡು ಸಲ ತಟ್ಟಬೇಕು, ಆಚೆ ತುದಿಯಲ್ಲಿ ಯಾರಿದ್ದರೂ ಪಕ್ಕಕ್ಕೆ ಸರಿದು ಎರಡು ಸಲ ತಿರುಗಿ ತಟ್ಟಬೇಕು, ಆಮೇಲಷ್ಟೇ ತಿರುವುವುದು. ಹನ್ನೊಂದು ವರ್ಷ ತಟ್ಟಿದ್ದೆ. ಆ ಒಂದು ದಿನ ತಟ್ಟಲಿಲ್ಲ. ಊಟಕ್ಕೆ ಹೊತ್ತಾಯಿತೆಂಬ ಅವಸರ ಬಿಟ್ಟರೆ ಅದಕ್ಕೆ ಬೇರೆ ದೊಡ್ಡ ಕಾರಣವೇನೂ ಇಲ್ಲ. ಆಚೆ ತುದಿಯಲ್ಲಿ ನೀನು ಬಿಚ್ಚಿದ ಜೋಡಣೆಗೆ ಮುಖವೊಡ್ಡಿ ಕೂತಿದ್ದೆ. ಪೈಪಿನೊಳಗಿನ ಅಮೋನಿಯಾ ಅನಿಲ ಚಿಮ್ಮಿ ನಿನ್ನ ಬಲಗಣ್ಣನ್ನು ತೆಗೆದುಕೊಂಡು ಹೋಯಿತು. ಅದೇ ತಿಂಗಳು ಇಲ್ಲಿನ ಕೆಲಸದ ಆರ್ಡರು ಬಂತು, ನಿನ್ನ ಹೆಸರಿಗೆ, ನೀನು ಮೂರು ವರ್ಷ ಓದಿ ಪಡೆದ ಸರ್ಟಿಫಿಕೇಟಿಗೆ. ಒಂದು ಕಣ್ಣಿನವನು ವೈದ್ಯಕೀಯ ಪರೀಕ್ಷೆ ದಾಟುವಂತಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವನು ನೀನೇ ಹೇಳಿದೆ, “ಆರ್ಡರ್ ಯಾಕೆ ಹಾಳಾಗ್ಬೇಕು, ನೀನು ಹೋಗು. ನಂಗೇನು ಹೆಂಡ್ತಿನಾ ಮಕ್ಕಳಾ. ಹೆಸರು ತಾನೇ, ನನ್ನ ಹೆಸರನ್ನ ಇಲ್ಲಿ ಯಾರು ಕೇಳ್ತಾರೆ.” ನಮ್ಮಿಬ್ಬರ ಮುಖ ಒಂದೇ ಅಚ್ಚು. ಪಾಸ್‌ಪೋರ್ಟಿಗೆ ಫೋಟೋ ನನ್ನದು, ಉಳಿದದ್ದೆಲ್ಲ ನಿನ್ನದು. ಇವಳೂ ಮಕ್ಕಳೂ ಕಾಗದದ ಮೇಲೆ ನಿನ್ನ ಸಂಸಾರವಾದರು. ಬೇಡ ಎಂದು ನಾನು ಒಂದೇ ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ ಎಂಬುದು ನಿನಗೂ ನೆನಪಿರಬೇಕು.

ಹೀಗೆ ಮೂರು ವರ್ಷದಿಂದ ನಾನು ನೀನಾಗಿದ್ದೇನೆ. ಎದೆಯ ಮೇಲಿನ ಬಿಲ್ಲೆಯಲ್ಲಿ ನಿನ್ನ ಹೆಸರು. ಮೊದಲ ವರ್ಷ ಹಿಂದಿನಿಂದ ಯಾರಾದರೂ ಕೂಗಿದರೆ ತಿರುಗುತ್ತಲೇ ಇರಲಿಲ್ಲ, ಕಿವಿ ಮಂದವೆಂದು ಮೇಲ್ವಿಚಾರಕರು ತಿಳಿದುಕೊಂಡಿದ್ದರು. ಈಗ ತಿರುಗುತ್ತೇನೆ. ಆದರೆ ನನ್ನನ್ನು ಕರೆದರು ಎಂದು ತಿರುಗುವುದಿಲ್ಲ ಅಣ್ಣಾ, ನೀನು ಬಂದೆಯೇನೋ ಎಂದು ನೋಡಲು ತಿರುಗುತ್ತೇನೆ. ದಿನಕ್ಕೆ ಹತ್ತು ಸಲವಾದರೂ ನೀನು ಬಂದಿರುತ್ತೀಯ, ಹತ್ತು ಸಲವೂ ಅಲ್ಲಿ ಯಾರೂ ಇರುವುದಿಲ್ಲ. ನನ್ನ ಬಲಗಣ್ಣಿನಲ್ಲಿ ಸುಮ್ಮಸುಮ್ಮನೆ ನೀರು ಸುರಿಯುತ್ತದೆ. ಇಲ್ಲಿನ ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ, ಕಣ್ಣು ಗಟ್ಟಿಮುಟ್ಟಾಗಿದೆ ಎಂದು ನಕ್ಕರು.

ನಾಲ್ಕನೇ ನಂಬರಿನ ಕೋಣೆಯ ವಿಷಯ ಇವಳಿಗೂ ಹೇಳಿರಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಆ ಕೋಣೆಯ ಪೈಪಿನ ಮುಂದೆ ಕೂತು, ರೂಢಿಯಂತೆ ಎರಡು ಸಲ ತಟ್ಟಿದೆ. ಒಳಗಿನಿಂದ ಎರಡು ಸಲ ತಿರುಗಿ ತಟ್ಟಿದ ಸದ್ದು ಬಂತು. ಇಲ್ಲಿ ಆ ಪದ್ಧತಿ ಯಾರಿಗೂ ಗೊತ್ತಿಲ್ಲ. ಕೋಣೆಗೆ ಹೊರಗಿನಿಂದ ಬೀಗ ಹಾಕಿತ್ತು, ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಚಳಿಗೆ ಲೋಹ ಮುದುರಿಕೊಳ್ಳುವಾಗ ಸದ್ದಾಗುತ್ತದೆ, ಅಷ್ಟು ತಿಳಿಯದವನಲ್ಲ ನಾನು. ಆದರೂ ಬೀಗ ತೆಗೆದು ಒಳಗೆ ಹೋಗಿ, ಮೀನಿನ ಪೆಟ್ಟಿಗೆಗಳ ಸಾಲುಗಳ ನಡುವೆ ಪೂರ್ತಿ ಒಂದು ಸುತ್ತು ಬಂದೆ. ನನ್ನ ಉಸಿರಿನ ಹಬೆ ಬಿಟ್ಟರೆ ಏನೂ ಇರಲಿಲ್ಲ. ಮಾರನೆಯ ದಿನ ಮತ್ತೆ ಎರಡು ಸಲ. ಈಗ ಆ ಕೋಣೆಯ ಕೆಲಸ ಬಂದರೆ ಜೊತೆಯವರಿಗೆ ದಾಟಿಸುತ್ತೇನೆ, ಅವರು ಚಳಿಗೆ ಎಂದುಕೊಳ್ಳುತ್ತಾರೆ. ಸತ್ತವರು ಕಾಡುತ್ತಾರೆ ಎಂದು ಕೇಳಿದ್ದೆ. ಬದುಕಿರುವವನು, ಅದೂ ವಾರಕ್ಕೊಂದು ಕಾಗದ ಬರೆದು ಮಕ್ಕಳ ಹಲ್ಲು ಬಿತ್ತಾ ಎಂದು ವಿಚಾರಿಸುವವನು ಹೀಗೆ ಕಾಡಿದರೆ ಯಾರಿಗೆ ಹೇಳಿಕೊಳ್ಳುವುದು.

ಮನೆಯಲ್ಲಿ ನಿನ್ನ ಹೆಸರಿನ ಕಷ್ಟ ಇವಳಿಗೆ ಅಷ್ಟಾಗಿ ತಟ್ಟಲಿಲ್ಲ. ಮದುವೆಯಾದಂದಿನಿಂದ ನನ್ನನ್ನು ‘ರೀ’ ಎಂದೇ ಕರೆದವಳು, ಇಲ್ಲಿಯೂ ‘ರೀ’ ಎಂದೇ ನಡೆದುಹೋಯಿತು. ಪೆಟ್ಟು ತಿಂದವಳು ದೊಡ್ಡವಳು. ಹೊರಡುವ ಮುಂಚೆ ಅವಳಿಗೆ ಮನೆಯಲ್ಲಿ ಪಾಠ ಹೇಳಿಸಿದ್ದೆವು, ಅಪ್ಪನ ಹೆಸರೇನು ಎಂದು ಕೇಳಿದರೆ ಏನು ಹೇಳಬೇಕು ಎಂದು. ತಪ್ಪಿದಾಗ ಒಂದು ಸಲ ಕೆನ್ನೆಗೂ ಕೊಟ್ಟಿದ್ದೆ. ಅವಳು ಜಾಣೆ, ಬೇಗ ಕಲಿತಳು. ಮೊನ್ನೆ ಸ್ಕೂಲಿನ ಅರ್ಜಿ ತುಂಬುವಾಗ ನನ್ನ ಪಕ್ಕ ಕೂತು ನೋಡುತ್ತಿದ್ದವಳು ಕೇಳಿದಳು, “ದೊಡ್ಡಪ್ಪನ ಹೆಸರನ್ನ ನೀನು ಹಾಕ್ಕೊಂಡ್ರೆ ದೊಡ್ಡಪ್ಪ ಏನು ಹಾಕ್ಕೊಳ್ತಾರೆ?” ಅಂಗಿಯ ವಿಷಯ ಕೇಳಿದ ಹಾಗೆ ಕೇಳಿದಳು. ನಡುವಿನವನಿಗಂತೂ ನನ್ನ ಹೆಸರು ಗೊತ್ತೇ ಇಲ್ಲ. ಬರುವಾಗ ಒಂದು ವರ್ಷದವನು. ಅವನ ಪಾಲಿಗೆ ಅಪ್ಪನಿಗೆ ಇರುವುದೇ ನಿನ್ನ ಹೆಸರು.

ಇನ್ನು ಕೂಸಿನ ವಿಷಯ. ದೊಡ್ಡವರಿಬ್ಬರ ಹುಟ್ಟಿದ ಪತ್ರ ಊರಿನ ಆಸ್ಪತ್ರೆಯಲ್ಲಿದೆ, ಅದರಲ್ಲಿ ಅಪ್ಪನಾಗಿ ನಾನಿದ್ದೇನೆ. ಕೂಸು ಹುಟ್ಟಿದ್ದು ಇಲ್ಲಿ. ಹೆರಿಗೆ ಕೋಣೆಯ ಹೊರಗಿನ ಮೇಜಿನಲ್ಲಿ ಕೂತ ಹೆಂಗಸು ಪೆನ್ನು ಹಿಡಿದು, ತಂದೆಯ ಹೆಸರು ಎಂದಳು. ಒಳಗೆ ಕೂಸು ಅಳುತ್ತಿದ್ದದ್ದು ನನಗೆ ಕೇಳುತ್ತಿತ್ತು. ನಾನು ನಿನ್ನ ಹೆಸರು ಹೇಳಿ, ನಿನ್ನ ರುಜು ಹಾಕಿದೆ. ನಿನ್ನ ರುಜುವನ್ನು ನಿನಗಿಂತ ನಾನೇ ಚೆನ್ನಾಗಿ ಹಾಕುತ್ತೇನೆ ಈಗ. ಆ ಕಾಗದವನ್ನು ತಂದು ಇವಳ ಕೈಗೆ ಕೊಟ್ಟಾಗ ಅದನ್ನು ಓದಿ ಮಡಿಸಿ ದಿಂಬಿನ ಕೆಳಗಿಟ್ಟಳು.

ಇಷ್ಟಾಗುವ ಹೊತ್ತಿಗೆ ನಿನ್ನ ಕಾಗದ ಬಂತು. ಕಣ್ಣಾಸ್ಪತ್ರೆಯಲ್ಲಿ ನಿನಗೆ ಹನಿ ಹಾಕುತ್ತಿದ್ದ ನರ್ಸು ಮದುವೆಗೆ ಒಪ್ಪಿದ್ದಾರೆ ಎಂದು ಓದಿದಾಗ ಇವಳು ನಿಜವಾಗಿಯೂ ಎದ್ದು ನಿಂತಳು, ಕೂಸನ್ನು ಎತ್ತಿ ನಿನ್ನ ಕಾಗದದ ಮುಂದೆ ಹಿಡಿದಳು. ಒಂದು ಕಣ್ಣಿನವನನ್ನು ಒಪ್ಪಲು ಎರಡು ಕಣ್ಣೂ ಸರಿಯಿರುವ ಹೆಣ್ಣು ಸಿಕ್ಕಿತಲ್ಲ ಎಂದು ನೀನು ಬರೆದದ್ದಕ್ಕೆ ನಕ್ಕೆವು. ಕೆಳಗಿನ ನಾಲ್ಕು ಸಾಲನ್ನು ನಾನು ಜೋರಾಗಿ ಓದಲಿಲ್ಲ. ಹುಡುಗಿಯ ತಂದೆ ಮದುವೆಯನ್ನು ಮೊದಲು ರಿಜಿಸ್ಟರ್ ಮಾಡಿಸಬೇಕೆಂದರು. ನೀನು ಕಚೇರಿಗೆ ಹೋದೆ. ಗುಮಾಸ್ತ ಕಡತ ತಿರುವಿ, ಈ ಹೆಸರಿನವರು ಹೆಂಡತಿ ಮಕ್ಕಳ ಸಮೇತ ಪರದೇಶದಲ್ಲಿ ಇದ್ದಾರಲ್ಲ ಎಂದು ನಿನ್ನ ಮುಖ ನೋಡಿದ. ಅಲ್ಲಿ ಬಿಸಿಲು ಹೇಗಿದೆ ಅಂತ ನನ್ನನ್ನೇ ಕೇಳಿದ ಕಣೋ ಎಂದು ಅದನ್ನೂ ತಮಾಷೆ ಮಾಡಿ ಬರೆದಿದ್ದೀಯ. ನನ್ನಿಂದ ಏನನ್ನೂ ಕೇಳಿಲ್ಲ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಎಲ್ಲೂ ಕೇಳಿಲ್ಲ.

ಅಣ್ಣಾ, ನಾಚಿಕೆ ಬಿಟ್ಟು ಬರೆಯುತ್ತೇನೆ. ಇನ್ನು ಎರಡು ವರ್ಷಕ್ಕೆ ನನ್ನ ಕರಾರು ಮುಗಿಯುತ್ತದೆ. ಆಮೇಲೆ ನಾವು ಬಂದುಬಿಡುತ್ತೇವೆ, ನಿನ್ನದು ನಿನಗೆ. ಅಷ್ಟರವರೆಗೆ ಹುಡುಗಿಯ ತಂದೆಗೆ ಏನಾದರೂ ಹೇಳಿ ತಡೆಯಲಾಗುತ್ತದೆಯೇ? ಕಾಗದಪತ್ರ ಸುಟ್ಟುಹೋಗಿದೆ ಎನ್ನಬಹುದು. ದೊಡ್ಡವಳ ಓದು ಈಗಷ್ಟೇ ಒಂದು ದಾರಿಗೆ ಬಂದಿದೆ, ಕೂಸಿಗೆ ಇನ್ನೂ ಕತ್ತು ನಿಂತಿಲ್ಲ. ಆ ನರ್ಸು ತಿಳಿವಳಿಕೆಯವರಂತೆ ಕಾಣುತ್ತಾರೆ, ಕಾಯುತ್ತಾರೆ ಎಂದು ನನಗೆ ಅನಿಸುತ್ತದೆ. ನೀನು ಹೇಗೆ ಹೇಳಿದರೆ ಹಾಗೆ. ಆದರೂ ಸ್ವಲ್ಪ ಯೋಚನೆ ಮಾಡು.

ಮಕ್ಕಳು ದೊಡ್ಡಪ್ಪನಿಗೆ ಮುತ್ತು ಕಳಿಸಿದ್ದಾರೆ, ಇವಳು ಭಾವನವರಿಗೆ ನಮಸ್ಕಾರ ಹೇಳಿದ್ದಾಳೆ. ಕೂಸನ್ನು ಅಲ್ಲಿಂದಲೇ ಹರಸು. ಹನಿ ಮರೆಯಬೇಡ.

ಇಂತಿ,
ನಿನ್ನ ತಮ್ಮ

ವಿ. ಸೂ. ಮಂಗಳವಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ತಿದ್ದಿಕೊಂಡು ಓದು. ಭಾನುವಾರ ಲಕೋಟೆ ಅಂಟಿಸಲು ಕೊಟ್ಟರೆ ಇವಳು ಪೂರ್ತಿ ಓದಿಬಿಟ್ಟಳು. ಸಿಟ್ಟೇನೂ ಮಾಡಲಿಲ್ಲ. “ಭಾವನವರ ಕಣ್ಣೂ ಆಯ್ತು, ಹೆಸರೂ ಆಯ್ತು. ಇನ್ನು ಅವರ ಸಂಸಾರಾನೂ ನಾವೇ ಇಟ್ಕೊಳ್ಳೋದಾ?” ಎಂದು ಕೇಳಿ ಒಳಗೆ ಹೋದಳು. ನಿನ್ನೆ ಬೆಳಿಗ್ಗೆ ಬಿಲ್ಲೆ, ಪಾಸ್‌ಪೋರ್ಟು ಎರಡನ್ನೂ ಅಧಿಕಾರಿಯ ಮೇಜಿನ ಮೇಲಿಟ್ಟು, ಇದು ನಾನಲ್ಲ ಎಂದೆ. ಹಾಗಾದರೆ ನೀನು ಯಾರು ಎಂದರು. ನನ್ನ ಹೆಸರು ಬಾಯಿಗೆ ಬರಲು ಸುಮಾರು ಹೊತ್ತು ಹಿಡಿಯಿತು, ಅವರು ನೀರು ತರಿಸಿಕೊಟ್ಟರು. ಕೆಲಸ ಹೋಯಿತು. ವಿಚಾರಣೆ ಮುಗಿಯುವವರೆಗೆ, ಒಂದು ತಿಂಗಳೋ ಏನೋ, ಮನೆಯಲ್ಲಿರಬಹುದಂತೆ. ಆಮೇಲೆ ಇವಳನ್ನೂ ಮಕ್ಕಳನ್ನೂ ಊರಿಗೆ ಕಳಿಸುತ್ತಾರೆ, ನನ್ನನ್ನು ಎಲ್ಲಿಗೆ ಎಂದು ಇನ್ನೂ ಹೇಳಿಲ್ಲ. ಮೇಲಿನ ಹಾಳೆಗಳನ್ನು ಹರಿಯೋಣವೆಂದುಕೊಂಡೆ. ಆದರೆ ಇನ್ನೆರಡು ವರ್ಷ ಎಂದು ಬರೆದವನೂ ನಾನೇ ಎಂಬುದು ನಿನಗೆ ತಿಳಿದಿರಲಿ. ಓದಿ ಒಲೆಗೆ ಹಾಕು, ಒಂದು ಚೂರೂ ಉಳಿಸಬೇಡ. ಈಗ ಮುಖ್ಯ ವಿಷಯ. ನೀನು ಕೊಟ್ಟೆ ಎಂದು ನಾನು ಹೇಳಿಲ್ಲ. ನೀನು ಆಸ್ಪತ್ರೆಯಲ್ಲಿದ್ದಾಗ ಟ್ರಂಕಿನಿಂದ ಸರ್ಟಿಫಿಕೇಟು, ಆರ್ಡರು ಎಲ್ಲವನ್ನೂ ನಾನೇ ಕದ್ದೆ ಎಂದು ಬರೆದುಕೊಟ್ಟಿದ್ದೇನೆ. ನಿನ್ನ ರಿಪೇರಿ ಶೆಡ್ಡಿಗೆ ಯಾರಾದರೂ ಕೇಳಲು ಬರುತ್ತಾರೆ, ಈ ಕಾಗದಕ್ಕಿಂತ ಮುಂಚೆ ಬಾರದಿರಲಿ. ಇಷ್ಟು ದಿನ ಯಾಕೆ ದೂರು ಕೊಡಲಿಲ್ಲ ಎಂದರೆ ನಾಚಿಕೆಗೆ ಸುಮ್ಮನಿದ್ದೆ ಎನ್ನು. ನಾನೇ ಕೊಟ್ಟೆ ಎಂದು ನೀನು ಒಳ್ಳೆಯವನಾಗಲು ಹೋದರೆ ನಿನ್ನ ಮೇಲೂ ಕೇಸು ಬರೆದುಕೊಳ್ಳುತ್ತಾರೆ, ಮದುವೆ ಅಲ್ಲಿಗೇ ನಿಲ್ಲುತ್ತದೆ. ಈ ಒಂದು ಸಲ ನನ್ನನ್ನು ಕಾಪಾಡಬೇಡ ಅಣ್ಣಾ. ಆ ಗುಮಾಸ್ತನ ಮುಂದೆ, ಹುಡುಗಿಯ ತಂದೆಯ ಮುಂದೆ, ಕೇಳಿದವರೆಲ್ಲರ ಮುಂದೆ, ನನ್ನ ತಮ್ಮ ಕಳ್ಳ ಎಂದು ಹೇಳು. ಹೆಸರು ಹಿಡಿದು ಹೇಳು.