ಸತೀಶನ ಮದುವೆ ವಿಡಿಯೊ

ಅರಸೀಕೆರೆ
೧೪-೮-೨೦೦೮

ಪ್ರೀತಿಯ ಕಾವ್ಯಕ್ಕಾ,

ಹೇಗಿದ್ದೀಯೆ? ದಾವಣಗೆರೆಯ ಹಾಸ್ಟೆಲ್ ಊಟ ಈಗಲಾದರೂ ಒಗ್ಗಿತೇ? ಅಪ್ಪನ ಮಂಡಿನೋವು ಇಳಿದಿದೆ, ನೆನ್ನೆ ಬಾಣಾವರಕ್ಕೆ ಹೋಗಿಬಂದರು. ಅಮ್ಮ ನಿನಗೆಂದು ಹುರಿಹಿಟ್ಟು ಮಾಡಿಟ್ಟಿದ್ದಾಳೆ.

ಈಗ ಸುದ್ದಿ ಕೇಳು. ಗಂಡಸಿಯ ಸತೀಶ ನಮ್ಮ ಸ್ಟುಡಿಯೋದಲ್ಲಿ ಕೂತು ಅತ್ತ. ಅದೇ ಸತೀಶ. ನಿಶ್ಚಿತಾರ್ಥದ ದಿನ ನಿನ್ನ ಕೈಮೇಲಿನ ತೊನ್ನಿನ ಮಚ್ಚೆ ಕಂಡು, ನೆಂಟರೆಲ್ಲರ ಎದುರು "ಈ ಕೈಲಿ ಬಡ್ಸಿದ್ರೆ ನಾನ್ ಹೆಂಗ್ ಉಣ್ಲಿ?" ಎಂದು ಎದ್ದು ಹೋದವನು. ಅವನ ತಾಯಿ ಭಾಗಮ್ಮ "ಬಾಯ್ ಮುಚ್ಲಾ" ಎಂದು ಗದರಿದರೂ ನಿಲ್ಲಲಿಲ್ಲ. ಜೂನ್‌ನಲ್ಲಿ ಬೇರೆ ಹುಡುಗಿಯ ಜೊತೆ ಅವನ ಮದುವೆಯಾಯಿತು. ವಿಡಿಯೊ ತೆಗೆದದ್ದು ನಮ್ಮ ಸ್ಟುಡಿಯೋ ಮಾಲೀಕರು, ರಂಗನಾಥಣ್ಣ.

ವಿಡಿಯೊಗಳೆಲ್ಲ ಇರುವ ಕಂಪ್ಯೂಟರಿನ ಸ್ಟೋರೇಜ್ ಪೆಟ್ಟಿಗೆಯ ಉಸ್ತುವಾರಿ ನನ್ನದು. ಪ್ರತಿಯೊಂದು ಮದುವೆಯ ಫೋಲ್ಡರ್ ಆ ಹೊತ್ತಿಗೆ ಹೇಗಿದೆಯೋ ಹಾಗೇ ದಿನಾ ಸಂಜೆ ತಾನಾಗಿ ಒಂದು ಸ್ನ್ಯಾಪ್‌ಶಾಟ್, ಅಂದರೆ ನಕಲು, ಉಳಿಯುವಂತೆ, ತಿಂಗಳು ತುಂಬಿದ್ದು ತಾನಾಗಿ ಅಳಿಯುವಂತೆ ನಾನೇ ಹೊಂದಿಸಿಟ್ಟಿದ್ದೆ. ಯಾರಾದರೂ ಕೈತಪ್ಪಿ ಅಳಿಸಿದರೆ ಅಲ್ಲಿಂದ ವಾಪಸ್ ತೆಗೆಯಬಹುದು. ಕಳೆದ ತಿಂಗಳ ಕೊನೆಯಲ್ಲಿ ಪರದೆಯ ಮೇಲೆ ಸತೀಶನ ಹೆಸರು ಕಂಡು ಮೈ ಉರಿಯಿತು. ಅವನ ಫೋಲ್ಡರಿಗೆ ಸ್ನ್ಯಾಪ್‌ಶಾಟ್ ನಿಲ್ಲಿಸಿಬಿಟ್ಟೆ. ಅವನ ಸಂಭ್ರಮಕ್ಕೆ ನಾನೇಕೆ ಕಾವಲು ಕೂರಲಿ?

ಮೊನ್ನೆ ರಂಗನಾಥಣ್ಣ ಜಾಗ ಮಾಡಲು ಹೋಗಿ ಮೂರು ಮದುವೆ ಅಳಿಸಿಹಾಕಿದರು. ಎರಡನ್ನು ವಾಪಸ್ ತಂದುಕೊಟ್ಟೆ, ಸತೀಶನದು ಇಲ್ಲ ಎಂದೆ. ಕ್ಯಾಮೆರಾದ ಕ್ಯಾಸೆಟ್ಟುಗಳ ಮೇಲೆ ಆಗಲೇ ಬೇರೆಯವರ ಮದುವೆ ತುಂಬಿಯಾಗಿದೆ. ಭಾಗಮ್ಮ ಜುಲೈನಲ್ಲಿ ತೀರಿಕೊಂಡರಂತೆ. ಸೂತಕ ಕಳೆದು ವಿಡಿಯೊ ಕೇಳಲು ಬಂದವನು ಕುಸಿದು ಕೂತ. "ನಮ್ಮವ್ವ ಮಾತಾಡೋದು ಅದ್ರಲ್ ಮಾತ್ರ ಐತೆ ಕಣಮ್ಮಾ, ಇನ್ನೊಂದ್ ಕಿತ ಹುಡುಕು" ಎಂದ. ಇಲ್ಲ ಎಂದೆ. ಮತ್ತೆ ಕೇಳಿದ, ಮತ್ತೆ ಇಲ್ಲ ಎಂದೆ. ಎಷ್ಟು ಹಾಯೆನಿಸಿತು ಗೊತ್ತೇ! ಆ ದಿನ ನೆಂಟರು ಹೋದಮೇಲೆ ನೀನು ಬಚ್ಚಲಲ್ಲಿ ಆ ಕೈಯನ್ನು ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಂಡಿದ್ದೆಯಲ್ಲ, ಬಾಗಿಲು ತಟ್ಟುತ್ತ ನಿಂತಿದ್ದವಳು ನಾನು. ಅವನ ಕಣ್ಣೀರು ನೋಡಿ ನನಗೆ ಚೂರೂ ಪಾಪ ಅನ್ನಿಸಲಿಲ್ಲ.

ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ
ಭಾನು

ತಾ.ಕ.: ಇದನ್ನು ಯಾರಿಗೂ ಹೇಳಿಲ್ಲ. ನಾನು ನಿಲ್ಲಿಸುವ ಮುಂಚಿನ ಕೊನೆಯ ಸ್ನ್ಯಾಪ್‌ಶಾಟ್ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಅವನ ಮದುವೆ ಪೂರ್ತಿ ಅದರಲ್ಲಿದೆ. ಈ ತಿಂಗಳ ಕೊನೆಗೆ ತಾನಾಗಿ ಅಳಿದುಹೋಗುತ್ತದೆ. ಈ ಸಂಜೆ ಅವನು ಮತ್ತೆ ಬಂದಿದ್ದ. ಅವನಿಗೆ ನನ್ನ ಗುರುತು ಸಿಕ್ಕಿರಲಿಲ್ಲ; ನಾನು ಯಾರ ತಂಗಿ ಎಂದು ಹೇಳಿದೆ, ನಿನ್ನ ಹಾಸ್ಟೆಲ್ಲಿನ ಫೋನ್ ನಂಬರ್ ಕೊಟ್ಟೆ. "ನಮ್ಮಕ್ಕ ಹೂಂ ಅಂದ್ರೆ ಇನ್ನೊಂದ್ ಸಲ ಹುಡುಕ್ತೀನಿ" ಎಂದೆ. ಫೋನ್ ಮಾಡುತ್ತಾನೆ. ನಿನ್ನ ಮೆತ್ತನೆ ಮನಸ್ಸು ನನಗೆ ಗೊತ್ತು. ಕೇಳಿದ ಕೂಡಲೇ ಹೂಂ ಅನ್ನಬೇಡ ಅಕ್ಕಾ, ಸ್ವಲ್ಪ ಕಾಯಿಸು.