ಸೋಲಲು ಬಿಡದ ಸಣ್ಣ ಪ್ಲಾಂಟು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಕ್ಕಾ,

ನಿನಗೂ ಹೊಟ್ಟೆಯೊಳಗಿನ ಮರಿಗೂ ಈ ಚಿಕ್ಕಮ್ಮನ ಮುತ್ತು. ಅಮ್ಮ ಸಂಜೆ ತಂದ ಒಗೆದ ಬಟ್ಟೆಯ ಮಡಿಕೆಯಲ್ಲಿ ಕಾಗದ ಸಿಕ್ಕಿತೆಂದು ಗಾಬರಿಯಾಗಬೇಡ. ಡಾಕ್ಟರು ನಿನ್ನ ಬೀಪಿ ನೋಡಿ ಫೋನು ಕಿತ್ತುಕೊಂಡರು. ಅಮ್ಮ ನನ್ನನ್ನು ವಾರ್ಡಿನ ಬಾಗಿಲಲ್ಲೇ ತಡೆದು, "ನಿನ್ನ ಬಾಯಿಗೆ ಬೀಗ ಇಲ್ಲ, ಮನೇಲೇ ಬಿದ್ದಿರು" ಅಂದಳು. ಮೆಸೇಜಾಗಿದ್ದರೆ ಹತ್ತು ಹಾಕಿ ಎಂಟು ಡಿಲೀಟ್ ಮಾಡುತ್ತಿದ್ದೆ. ಇಲ್ಲಿ ಹೊಡೆದುಹಾಕಿದ್ದೂ ಕಾಣುತ್ತದೆ, ಏನು ಮಾಡಲಿ!

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ದೊಡ್ಡ ಪ್ಲಾಂಟು ಶುರು ಮಾಡುತ್ತಿದ್ದಾರೆ. ನೀನು ನಿಲ್ಲಿಸಬೇಕು. ಬೇರೆ ಯಾರ ಮಾತಿಗೂ ಅದು ನಿಲ್ಲುವುದಿಲ್ಲ.

ನಿನ್ನ ಸಣ್ಣ ಪೈಲಟ್ ಪ್ಲಾಂಟಿಗೆ ನಾನು ಟ್ರೈನಿಯಾಗಿ ಬಂದ ದಿನ ನೀನು ಅಂದದ್ದು ನೆನಪಿದೆಯಾ? "ಇದು ಅಂಟು ಮಾಡಿ ಮಾರೋ ಜಾಗ ಅಲ್ಲ ಕಣೇ, ತಪ್ಪು ಮಾಡೋ ಜಾಗ. ದೊಡ್ಡದರಲ್ಲಿ ಏನೇನು ಕೆಡಬಹುದೋ ಎಲ್ಲಾ ಇಲ್ಲೇ ಕೆಡಲಿ. ಇಲ್ಲಿ ಕೆಟ್ರೆ ನೆಲ ಒರೆಸಿದ್ರೆ ಆಯ್ತು." ಇನ್ನೊಂದು ಮಾತು: "ಪಾತ್ರೆ ದೊಡ್ಡದಾದಾಗ ಹೊಟ್ಟೆ ಬೆಳೆದಷ್ಟು ಚರ್ಮ ಬೆಳೆಯಲ್ಲ. ಒಳಗೆ ಹುಟ್ಟಿದ ಬಿಸಿ ಹೊರಗೆ ಹೋಗೋಕೆ ಒದ್ದಾಡುತ್ತೆ." ನಾನು ಅದನ್ನು ಗ್ರೂಪಿನಲ್ಲಿ ಎಷ್ಟು ಸಲ ಹಾಕಿದೆನೆಂದರೆ, "ನಿಮ್ಮಕ್ಕನ ಫ್ಯಾನ್ ಕ್ಲಬ್ಬಿಗೆ ಅಧ್ಯಕ್ಷೆಯೂ ನೀನೇ, ಕಸ ಗುಡಿಸೋಳೂ ನೀನೇ" ಎಂದು ಗೆಳತಿಯರು ಕಾಲೆಳೆದರು. ಎಳೆಯಲಿ ಬಿಡು. ನಾನು ನಿನ್ನ ಫ್ಯಾನೇ.

ನೀನು ಆಸ್ಪತ್ರೆ ಸೇರಿದ ಮೇಲೆ ಸಣ್ಣ ಪ್ಲಾಂಟನ್ನು ಬಿಚ್ಚಿ ಗುಜರಿಗೆ ಹಾಕಿದರು, ಜಾಗ ಬೇಕಂತೆ. ಪಾತ್ರೆಯ ಮೇಲಿನ ತಗಡು ಬಿಚ್ಚುವಾಗ ನಾನು ಅಲ್ಲೇ ಇದ್ದೆ. ಹಿಂಬದಿಯಲ್ಲಿ, ನಾವ್ಯಾರೂ ಹೋಗದ ಗೋಡೆಯ ಕಡೆ, ತಗಡಿನಲ್ಲಿ ಯಾರೋ ಒಂದು ಕಿಂಡಿ ಕತ್ತರಿಸಿದ್ದರು. ಒಳಗೆ ಪಾತ್ರೆಯ ಭುಜದಿಂದ ಬುಡದವರೆಗೆ ನೀರು ಹರಿದು ಹರಿದು ಬಿಳಿ ಪೊರೆ ಕಟ್ಟಿತ್ತು. ನಿನ್ನ ಡಿಸೈನಿನಲ್ಲಿ ತಣ್ಣೀರು ಓಡುವುದು ಸುತ್ತಲಿನ ಕವಚದೊಳಗೆ ಮಾತ್ರ. ಮೇಲಿಂದ ಯಾರು ಸುರಿದರು?

ಟ್ರಯಲ್ ನಡೆಯುವಾಗ ಪಾತ್ರೆ ನೋಡಿಕೊಳ್ಳುವ ಪಾಳಿ ಯಾವಾಗಲೂ ಭಾವನದೇ. ಕೇಳಿದೆ. ಅವರು ನಕ್ಕರು. "ಬಿಸಿ ಏರ್ತಿತ್ತು, ಪೈಪ್ ಹಿಡಿದು ಒಂಚೂರು ನೀರು ಬಿಡ್ತಿದ್ದೆ ಕಣೇ. ನಿಮ್ಮಕ್ಕ ಊಟ ನಿದ್ದೆ ಬಿಟ್ಟು ಮಾಡಿದ ಟ್ರಯಲ್ಲು. ಕಣ್ಮುಂದೇನೇ ಫೇಲ್ ಆಗ್ಲಿ ಅಂತ ಬಿಡ್ಲಾ?"

ಅಕ್ಕಾ, ಅವರಿಗೆ ನಿನ್ನ ಮೇಲೆ ಪ್ರೀತಿ. ಅದರಲ್ಲಿ ಸುಳ್ಳಿಲ್ಲ. ಆದರೆ ಕವಚವೊಂದೇ ಅಷ್ಟು ಬಿಸಿ ಎಳೆಯುತ್ತದೆಂದು ನಂಬಿ ನೀನು ದೊಡ್ಡ ಪಾತ್ರೆಗೆ ಲೆಕ್ಕ ಹಾಕಿದೆ. ಅರ್ಧ ಬಿಸಿ ಎಳೆದದ್ದು ಭಾವನ ಪೈಪು. ದೊಡ್ಡದು ಎರಡು ಮಹಡಿ ಎತ್ತರ. ಅಲ್ಲಿ ಯಾರು ಪೈಪು ಹಿಡಿಯುತ್ತಾರೆ? ಬಿಸಿ ಹೊರಗೆ ಹೋಗದಿದ್ದರೆ ಪಾತ್ರೆಯೇ ಸಿಡಿಯುತ್ತದೆ.

ನಾನು ಸುಮ್ಮನಿರಲಿಲ್ಲ. ನಮ್ಮ ಮ್ಯಾನೇಜರ್ ಇಸ್ತ್ರಿ ಸಾಹೇಬರ ಹತ್ತಿರ ಹೋದೆ. ಅವರ ಅಂಗಿಯಂತೆ ಮುಖವೂ ಸುಕ್ಕಾಗಲಿಲ್ಲ. ಭಾವನನ್ನೇ ಕರೆಸಿ ಕೇಳಿದರು. ಭಾವ ನೆಲ ನೋಡುತ್ತ, "ಇಲ್ಲ ಸಾರ್, ಗೋಡೆ ತೊಳೆದಾಗ ನೀರು ಚಿಮ್ಮಿರಬೇಕು" ಅಂದರು. ನನ್ನ ಎದುರೇ! ಸಾಹೇಬರು ನನ್ನ ಕಡೆ ತಿರುಗಿ, "ನೋಡಮ್ಮ, ದೊಡ್ಡ ಪ್ಲಾಂಟಿನ ಲೆಕ್ಕಕ್ಕೆ ಸೈನ್ ಮಾಡಿರೋದು ನಿಮ್ಮಕ್ಕ. ಬೇಡ ಅಂತ ಅವರು ಹೇಳ್ಲಿ, ಈಗ್ಲೇ ನಿಲ್ಲಿಸ್ತೀನಿ. ಟ್ರೈನಿ ಮಾತಿಗೆಲ್ಲ ನಿಲ್ಲಿಸೋಕಾಗುತ್ತಾ?" ಅಂದರು.

ಹೊರಗೆ ಬಂದ ಮೇಲೆ ಭಾವ ನನ್ನ ತೋಳು ಹಿಡಿದುಕೊಂಡರು. "ಅವಳ ಹೆಸರು ಹಾಳಾಗುತ್ತೆ, ನನ್ನ ಕೆಲಸ ಹೋಗುತ್ತೆ, ಕೂಸು ಬರೋ ಹೊತ್ತು. ಏನೂ ಆಗಲ್ಲ, ಬಿಡೇ." ಅವರ ಕೈ ಒದ್ದೆಯಾಗಿತ್ತು. ಏನೂ ಆಗುವುದಿಲ್ಲ ಎಂದು ನಂಬಿದವರ ಕೈ ಹಾಗೆ ಬೆವರುವುದಿಲ್ಲ.

ಇದನ್ನು ಓದಿದರೆ ನಿನ್ನ ಬೀಪಿ ಏರುತ್ತದೆ, ಗೊತ್ತು. ಅಮ್ಮನಿಗೆ ತಿಳಿದರೆ ನನ್ನ ಮುಖ ನೋಡುವುದಿಲ್ಲ. ಮರಿಗೆ ಏನಾದರೂ ಆದರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ. ಅದಕ್ಕೇ ಶುಕ್ರವಾರದಿಂದ ಬರೆದು ಬರೆದು ಹರಿದುಹಾಕಿದೆ. ಆದರೆ ನಾಳೆ ಆ ಪಾತ್ರೆಯ ಪಕ್ಕ ಯಾರೋ ನಿಂತಿರುತ್ತಾರಲ್ಲ. ಯಾರೆಂದು ಕೇಳಬೇಡ. ಯಾರೇ ಆದರೂ ಯಾರದೋ ಮನೆಯವರೇ.

ನರ್ಸಮ್ಮನ ಹತ್ತಿರ ಫೋನು ಕೇಳು. ಸಾಹೇಬರಿಗೆ "ನನ್ನ ಲೆಕ್ಕ ತಪ್ಪಿದೆ, ನಿಲ್ಲಿಸಿ" ಅನ್ನು. ಜನ ಏನು ಬೇಕಾದರೂ ಆಡಿಕೊಳ್ಳಲಿ, ನನಗೆ ನೀನು ಆಗಲೂ ನೀನೇ.

ನಿನ್ನ ಹಿಂದೆಯೇ ಸುತ್ತುವ
ಬಾಲಂಗೋಚಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಸೂಪರ್‌ವೈಸರ್ ಫೋನು ಬಂತು. ಭಾವ ನಾಳೆಗೆ ರಜೆ ಹಾಕಿದ್ದಾರೆ, ನಿನ್ನ ಪಕ್ಕ ಕೂರಲು ಬರುತ್ತಾರೆ. ದೊಡ್ಡ ಪಾತ್ರೆಯ ಪಕ್ಕ ಅವರ ಜಾಗಕ್ಕೆ ನನ್ನನ್ನು ಹಾಕಿದ್ದಾರೆ. ನಾನೂ ಬರುವುದಿಲ್ಲ ಅನ್ನಬಹುದು. ಹಾಗಂದರೆ ನನ್ನ ಜೊತೆ ಸೇರಿದ ಇನ್ನೊಬ್ಬ ಟ್ರೈನಿ ಹುಡುಗಿಯನ್ನು ನಿಲ್ಲಿಸುತ್ತಾರೆ, ಅವಳಿಗೆ ಇದೇನೂ ಗೊತ್ತಿಲ್ಲ. ತಮ್ಮ ಬದಲು ನನ್ನನ್ನು ಹಾಕುತ್ತಾರೆಂದು ಭಾವನಿಗೆ ಗೊತ್ತಿರಲಿಲ್ಲ ಎಂದೇ ಅಂದುಕೊಂಡಿದ್ದೇನೆ. ಅವರು ಬಂದಾಗ ಅದನ್ನು ಮಾತ್ರ ಕೇಳಬೇಡ, ಅಕ್ಕಾ.